ತಾಳೆಯಾಗದ ಟಿಪ್ಪಣಿಗಳು

ಬೆಳಿಗ್ಗೆ ಎಂಟರ ಸುಮಾರಿಗೆ ಬಂಕಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಊರಿನ ಮಕ್ಕಳು ಏನು ಓದುತ್ತಿದ್ದಾರೆಂದು ಯಾರನ್ನೂ ಕೇಳಬೇಕಾಗಿಲ್ಲ. ಶಿಗ್ಗಾಂವಿಗೋ ಹಾವೇರಿಗೋ ಸವಣೂರಿಗೋ ಹೊರಟವರ ಕೈಯಲ್ಲಿ ಉದ್ದುದ್ದ ಗೆರೆ ಎಳೆದ ಅಕೌಂಟ್ಸ್ ನೋಟ್‌ಬುಕ್ಕು. ಅವರಲ್ಲೂ ಹುಡುಗಿಯರೇ ಹೆಚ್ಚು. ನಾವು ಓದುವಾಗ ಕಾಮರ್ಸ್ ಎಂದರೆ ಹುಬ್ಬಳ್ಳಿಯ ಜೆ.ಜಿ. ಕಾಮರ್ಸ್ ಕಾಲೇಜು, ಅಲ್ಲಿಗೆ ಹೋಗುವವರು ಅಂಗಡಿ ಸಾವುಕಾರರ ಗಂಡುಮಕ್ಕಳು. ಅಂಗಡಿಯೇ ಇಲ್ಲದ ಮನೆಯ ಹೆಣ್ಣುಮಕ್ಕಳು ಅಂಗಡಿಯ ಲೆಕ್ಕ ಓದಲು ಹೊರಟದ್ದು ಯಾವಾಗ, ಯಾಕೆ? ನಾನು ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತನಾದವನು, ಲೆಕ್ಕದ ಗಂಧವಿಲ್ಲ. ತಮ್ಮನ ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ತಿಳಿಯದ್ದನ್ನು ಅವಳಿಗೆ ಕೇಳುತ್ತೇನೆ. ಅವಳು ಹೇಳಿದ್ದನ್ನೂ, ಹೇಳಲಾರದೆ ಸುಮ್ಮನಾದದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

*

ಸೊನ್ನೆ ಟಿಕೆಟ್ಟು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ 2023ರ ಜೂನ್ 11ರಂದು ಸುರುವಾಯಿತು. ಅಂದಿನಿಂದ ಕಂಡಕ್ಟರು ಹೆಣ್ಣುಮಕ್ಕಳ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ರೊಕ್ಕವೇ ಇಲ್ಲದ ಮೇಲೆ ಚೀಟಿ ಯಾಕೆ, ಕಾಗದ ದಂಡ ಅಲ್ಲವೇ ಎಂದು ತಮ್ಮನ ಮಗಳಿಗೆ ಕೇಳಿದೆ.

“ಟಿಕೆಟ್ ಹರೀದಿದ್ರ ಸರ್ಕಾರಕ್ಕ ಏನಂತ ಬಿಲ್ ಕಳಸ್ತಾರ ದೊಡ್ಡಪ್ಪಾ? ಅದು ನಮಗ ಕೊಡೂ ಚೀಟಿ ಅಲ್ಲ, ಅವರ ವೋಚರು.”

ಅವಳು ಹತ್ತಿ ಇಳಿದ ದಿನವೇ ವಾಯವ್ಯ ಸಾರಿಗೆ ಸಂಸ್ಥೆಗೆ ಆದಾಯ ಆಗಿಹೋಯಿತಂತೆ, ಹಣ ಮಾತ್ರ ಸರ್ಕಾರದಿಂದ ಬರಬೇಕಾದ ಬಾಕಿ. ಬಾರದ ರೊಕ್ಕವನ್ನು ಬಂತೆಂದು ಬರೆಯುವುದು ಸುಳ್ಳಲ್ಲವೇನು ಎಂದು ನಾನು. ಬಂತು ಅಂತ ಬರೆಯುವುದಿಲ್ಲ, ಬರಬೇಕು ಅಂತ ಬರೆಯುತ್ತಾರೆ ಎಂದು ಅವಳು. ಕಂಪನಿಗಳು ಹೀಗೆಯೇ ಬರೆಯಬೇಕೆಂದು ಕಾನೂನೇ ಇದೆಯಂತೆ. ಕೈಗೆ ಬಂದಾಗಲ್ಲ, ಹಕ್ಕು ಹುಟ್ಟಿದಾಗ ಆದಾಯ. ನಮ್ಮ ಕಡೆ ಉದ್ರಿ ಕೊಟ್ಟವನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಲೆಕ್ಕವೂ ಇದೇ. ಅವನಿಗೆ ಮಾತ್ರ ಇದು ಶಾಸ್ತ್ರವೆಂದು ಗೊತ್ತಿಲ್ಲ.

ಬಸ್ಸು ಪುಕ್ಕಟೆ ಆಗಿರದಿದ್ದರೆ ಈ ಹುಡುಗಿಯರಲ್ಲಿ ಎಷ್ಟು ಜನ ಪಿಯುಸಿಗೇ ನಿಲ್ಲುತ್ತಿದ್ದರು? ಅದರ ಉತ್ತರ ಯಾವ ಸಂಸ್ಥೆಯ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ.

*

ಪಾಸ್‌ಬುಕ್ಕು. ಪಿಂಚಣಿ ಬಂದ ದಿನ ನನ್ನ ಪಾಸ್‌ಬುಕ್ಕಿನಲ್ಲಿ ‘ಕ್ರೆಡಿಟ್’ ಎಂದು ಅಚ್ಚಾಗುತ್ತದೆ. ಅವಳ ನೋಟ್‌ಬುಕ್ಕಿನಲ್ಲಿ ಬಂದ ಹಣವೆಲ್ಲ ‘ಡೆಬಿಟ್’. ಎರಡರಲ್ಲಿ ಒಂದು ತಪ್ಪಿರಬೇಕೆಂದು ತೋರಿಸಿದೆ. ನಕ್ಕಳು. ಪಾಸ್‌ಬುಕ್ಕು ನನ್ನ ಪುಸ್ತಕವೇ ಅಲ್ಲವಂತೆ, ಬ್ಯಾಂಕಿನವರು ತಮ್ಮ ಪುಸ್ತಕದಲ್ಲಿ ನನ್ನ ಹಾಳೆಯನ್ನು ನಕಲು ಮಾಡಿ ಕೊಟ್ಟದ್ದಂತೆ. ನಾನು ಇಟ್ಟ ಹಣ ಅವರಿಗೆ ಸಾಲ. ನಾನು ಅವರ ಸಾಲಗಾರರ ಪಟ್ಟಿಯಲ್ಲಿಲ್ಲ, ಸಾಲ ಕೊಟ್ಟವರ ಪಟ್ಟಿಯಲ್ಲಿದ್ದೇನೆ. ಬ್ಯಾಂಕಿನ ಕೌಂಟರಿನ ಮುಂದೆ ಇಷ್ಟು ವರ್ಷ ಕೈಕಟ್ಟಿ ನಿಂತವನಿಗೆ ಇದು ಹೊಸ ಸುದ್ದಿ.

*

ಯಾಕೆ ಕಾಮರ್ಸ್ ಎಂದು ಯಾವ ತಂದೆಗೆ ಕೇಳಿದರೂ ಒಂದೇ ಮಾತು: “ಬ್ಯಾಂಕಿನ್ಯಾಗ ನೌಕರಿ ಆಗತೈತ್ರಿ.”

ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟಂಟ್ ಪರೀಕ್ಷೆಯ ವಿವರ ತರಿಸಿಕೊಂಡು ಓದಿದೆ. ಪ್ರಿಲಿಮ್ಸ್‌ನಲ್ಲಿ ಎರಡೇ ವಿಷಯ: ತರ್ಕ ಮತ್ತು ಸಂಖ್ಯಾ ಸಾಮರ್ಥ್ಯ. ಎಂಬತ್ತು ಪ್ರಶ್ನೆ, ನಲವತ್ತೈದು ನಿಮಿಷ. ಆರು ಜನ ದುಂಡು ಮೇಜಿನ ಸುತ್ತ ಕುಳಿತಿದ್ದಾರೆ, ಯಾರ ಎಡಕ್ಕೆ ಯಾರು ಎಂಬಂಥವು. ಮುಂದಿನ ಹಂತದಲ್ಲಿ ಕಂಪ್ಯೂಟರ್, ಸಾಮಾನ್ಯ ಜ್ಞಾನ, ಇಂಗ್ಲಿಷ್ ಅಥವಾ ಹಿಂದಿ. ಲೆಕ್ಕಶಾಸ್ತ್ರದ ಪತ್ರಿಕೆ ಎಲ್ಲಿಯೂ ಇಲ್ಲ. ಅರ್ಹತೆ ಯಾವುದಾದರೂ ಪದವಿ. ಇತಿಹಾಸ ಓದಿದವನಿಗೂ ಸಸ್ಯಶಾಸ್ತ್ರ ಓದಿದವಳಿಗೂ ಇರುವ ಅವಕಾಶವೇ ತಮ್ಮನ ಮಗಳಿಗೂ ಇದೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಹಾಗಿದ್ದರೆ ಬ್ಯಾಂಕಿಗಾಗಿ ಮೂರು ವರ್ಷ ಡೆಬಿಟ್ಟು ಕ್ರೆಡಿಟ್ಟು ಓದುವುದು ಯಾವ ಪುರುಷಾರ್ಥಕ್ಕೆ? ಈ ಪ್ರಶ್ನೆಗೆ ಅವಳು ಸುಮ್ಮನಾದಳು.

ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಾದದ್ದು ಮಾತ್ರ ನಿಜವಾದ ಲಾಭ. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೆ ಪ್ರಾದೇಶಿಕ ಭಾಷೆಗಳು ಬಂದವು. ನಮ್ಮ ಭಾಗದವರು ಮನೆಯ ಬ್ಯಾಂಕಿನಂತೆ ಕಾಣುತ್ತಿದ್ದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿಯ ಬ್ಯಾಂಕಿನೊಂದಿಗೆ ಕೂಡಿ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕು ಆಗಿದೆ. ಕೇಂದ್ರ ಕಚೇರಿ ಬಳ್ಳಾರಿಯಲ್ಲಿ. ಈ ಸುದ್ದಿ ಕೇಳಿ ನಮ್ಮ ತಮ್ಮ, “ಅಂದ್ರ ಇನ್ನ ಮಗಳಿಗೆ ಬಳ್ಳಾರಿ ಬಿಸಿಲಾ?” ಎಂದ. ಪರೀಕ್ಷೆಗೆ ಅರ್ಜಿಯನ್ನೇ ಹಾಕಿಲ್ಲ ಇನ್ನೂ.

*

ಕಿರಾಣಿ ಅಂಗಡಿ. ಬ್ಯಾಲೆನ್ಸ್ ಶೀಟಿನಲ್ಲಿ ಮಾಲೀಕ ಹಾಕಿದ ಬಂಡವಾಳ ಸಾಲದ ಕಡೆಗೆ ಬರುತ್ತದೆ. ತನ್ನ ದುಡ್ಡು ತನಗೇ ಹೇಗೆ ಸಾಲ? ಅಂಗಡಿ ಬೇರೆ, ಅಂಗಡಿಯವ ಬೇರೆ ಎಂಬುದು ಈ ವಿದ್ಯೆಯ ಮೊದಲ ಪಾಠವಂತೆ. ಅಂಗಡಿ ಎನ್ನುವ ಆಸಾಮಿ ಮಾಲೀಕನ ಹತ್ತಿರ ಹಣ ಇಸಿದುಕೊಂಡಿದೆ, ಒಂದು ದಿನ ಹಿಂದಿರುಗಿಸಬೇಕು.

ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಕುಳಿತಾಗ ಇದಕ್ಕೆ ತದ್ವಿರುದ್ಧವಾದದ್ದನ್ನು ನೋಡಿದೆ. ಮನೆಯಿಂದ ಹುಡುಗ ಬಂದ, “ಅವ್ವ ಎರಡ ಕಿಲೋ ತೊಗರಿಬ್ಯಾಳಿ ಅಂದಾಳ” ಎಂದ, ಸಾವುಕಾರ್ರು ತೂಗಿ ಕಳಿಸಿದರು. ಎಲ್ಲಿಯೂ ಬರೆಯಲಿಲ್ಲ. ಕಾಲೇಜಿನ ಪ್ರಕಾರ ಅದು ಡ್ರಾಯಿಂಗ್ಸ್, ಬರೆಯಲೇಬೇಕು. ಬರೆಯದಿದ್ದರೆ ವರ್ಷದ ಕೊನೆಗೆ ಲಾಭ ಕಡಿಮೆ ಕಾಣುತ್ತದೆ, ಬೇಳೆ ಇಲಿ ತಿಂದಿತೋ ಮಂದಿ ಕದ್ದರೋ ತಿಳಿಯುವುದಿಲ್ಲ. ಸಾವುಕಾರ್ರಿಗೆ ಇದನ್ನು ಹೇಳಿದರೆ, “ನಮ್ಮ ಮನಿ ಉಣ್ಣೂದನ್ನ ಬರೀತಾರೇನ್ರಿ ಸರs?” ಎಂದು ನನ್ನನ್ನೇ ಕೇಳಿದರು. ಇಷ್ಟಾಗಿ ಅವರ ಅಂಗಡಿ ಮೂರು ತಲೆಮಾರಿನಿಂದ ನಡೆದಿದೆ.

*

ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯ ಗುಮಾಸ್ತರಾಗಿದ್ದ ಒಬ್ಬ ಹಿರಿಯರು ಮಗಳ ಮನೆಗೆಂದು ಬಂಕಾಪುರಕ್ಕೆ ಬಂದಿದ್ದರು. ಓದಿದ್ದು ಮುಲ್ಕಿ. ಹಳೆಯದೊಂದು ಖತಾವಣಿ ಅವರಲ್ಲಿ ಉಳಿದಿತ್ತು: ಕೆಂಪು ಅರಿವೆಯ ರಟ್ಟು, ಉದ್ದನೆಯ ಹಾಳೆ, ಗೆರೆ ಇಲ್ಲ, ಹಾಳೆ ಮಡಚಿದ ಗುರುತೇ ಕಾಲಮ್ಮುಗಳು. ತಮ್ಮನ ಮಗಳನ್ನು ಕರೆದು ತೋರಿಸಿದೆ. ಅವಳು ನೋಡಿದಳು, ತಿರುವಿದಳು, ಮತ್ತೆ ನೋಡಿದಳು.

“ಅಜ್ಜಾರ, ಇದು ಉಲ್ಟಾ ಐತಲ್ರಿ!”

ಅವರ ಪುಸ್ತಕದಲ್ಲಿ ಜಮಾ ಎಡಕ್ಕೆ, ನಾವೆ ಬಲಕ್ಕೆ. ಅವಳ ಪುಸ್ತಕದಲ್ಲಿ ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ಅಂದರೆ ಒಂದೇ ರೈತನ ಖಾತೆ ಇಬ್ಬರ ಕೈಯಲ್ಲಿ ಅದಲುಬದಲು. ಅಜ್ಜಾರು ಅವಳ ನೋಟ್‌ಬುಕ್ಕನ್ನು ದೂರ ಹಿಡಿದು ನೋಡಿ, “ನಿಮ್ಮ ಮಾಸ್ತರ್ರು ಎಡಚರೇನವಾ?” ಎಂದರು. ಆಮೇಲೆ ಇಬ್ಬರೂ ಕೂಡಿ ಆ ರೈತನ ಲೆಕ್ಕವನ್ನು ಬಿಡಿಸಿದರು. ಮಾಲು ಬಂದದ್ದು, ತೂಕ, ಹಮಾಲಿ, ದಲಾಲಿ, ಮುಂಗಡ ಇಸಿದುಕೊಂಡದ್ದು, ಅದಕ್ಕೆ ಬಡ್ಡಿ, ಕೊನೆಗೆ ಪಟ್ಟಿ ಬರೆದು ಕೈಗೆ ಕೊಟ್ಟದ್ದು. ಬಾಕಿ ಇಬ್ಬರದೂ ಒಂದೇ ಬಂತು.

ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ತಪ್ಪು ಬರೆದಲ್ಲಿ ಅಜ್ಜಾರು ಅಳಿಸಿರಲಿಲ್ಲ, ಓದಲು ಬರುವಂತೆ ಒಂದು ಗೆರೆ ಹೊಡೆದು ಮಗ್ಗುಲಲ್ಲಿ ಸರಿ ಅಂಕಿ ಬರೆದಿದ್ದರು. “ಖೋಡಿದ್ದೂ ಕಾಣಬೇಕ್ರಿ, ಇಲ್ಲಾಂದ್ರ ಸಾವುಕಾರಗ ಸಂಶೆ ಬರತೈತಿ.” ಈಗಿನವರು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿಯಲ್ಲಿ ಆಲ್ಟ್ ಕೀಲಿಯೊಂದಿಗೆ ಡಿ ಒತ್ತಿದರೆ ವೋಚರು ಇತ್ತೆಂಬ ಗುರುತೂ ಇಲ್ಲದೆ ಹೋಗುತ್ತಿತ್ತು. ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಏನು ತಿದ್ದಿದರೆಂಬ ದಾಖಲೆ ಅಳಿಸಲಾರದಂತೆ ಉಳಿಯಬೇಕೆಂದು ಕಡ್ಡಾಯವಾದದ್ದು 2023ರ ಏಪ್ರಿಲ್ 1ರಿಂದ. ಮುಲ್ಕಿ ಓದಿದವರ ರೂಢಿ ದಿಲ್ಲಿಗೆ ಮುಟ್ಟಲು ಇಷ್ಟು ಕಾಲ ಹಿಡಿಯಿತು.

*

ಟ್ಯಾಲಿ. ಶಿಗ್ಗಾಂವಿ, ಹಾವೇರಿ, ಹಾನಗಲ್ಲು, ಯಾವ ಪೇಟೆಯ ಮಾಳಿಗೆ ನೋಡಿದರೂ ‘ಟ್ಯಾಲಿ ವಿತ್ ಜಿಎಸ್‌ಟಿ’ ಎಂಬ ಬೋರ್ಡು. ಮೂರು ತಿಂಗಳ ಕೋರ್ಸು. ಅಂಗಡಿಗೆ ನೌಕರಿ ಕೇಳಲು ಹೋದರೆ ಮೊದಲ ಪ್ರಶ್ನೆ, “ಟ್ಯಾಲಿ ಬರತೈತೇನವಾ?” ಬಿ.ಕಾಂ.ನಲ್ಲಿ ಎಷ್ಟು ಪರ್ಸೆಂಟು ಎಂಬುದನ್ನು ಯಾರೂ ಕೇಳುವುದಿಲ್ಲವಂತೆ.

ಈ ಸಾಫ್ಟ್‌ವೇರು ಬೆಂಗಳೂರಿನದು. ಶ್ಯಾಮಸುಂದರ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದದ್ದು ಸಿಗದೆ, ಗಣಿತ ಓದಿದ ಮಗ ಭರತ್ ಗೋಯೆಂಕಾಗೆ ನೀನೇ ಬರೆ ಎಂದರಂತೆ. 1986ರಲ್ಲಿ ಕಂಪನಿ ಹುಟ್ಟಿತು. ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ಬರೆದವನೂ ಕಾಮರ್ಸಿನವನಲ್ಲ ಎನ್ನುವುದನ್ನು ಗುರುತು ಹಾಕಿಕೊಂಡಿದ್ದೇನೆ.

ತರಗತಿಯಲ್ಲಿ ಹಿಂದೆ ಕುಳಿತು ನೋಡಿದೆ. ಎಫ್ 5 ಒತ್ತಿದರೆ ಪಾವತಿ, ಎಫ್ 6 ರಸೀದಿ, ಎಫ್ 8 ಮಾರಾಟ, ಎಫ್ 9 ಖರೀದಿ. ಬೆರಳು ಕಲಿತರೆ ಸಾಕು, ಲೆಡ್ಜರ್, ತಾಳೆಪಟ್ಟಿ, ಲಾಭ-ನಷ್ಟ ಎಲ್ಲವನ್ನೂ ಅದೇ ತೆಗೆದು ಕೊಡುತ್ತದೆ. ಹಾಗಾದರೆ ಕಾಲೇಜಿನಲ್ಲಿ ಮೂರು ವರ್ಷ ಕಲಿತದ್ದು ಯಂತ್ರದ ಕೆಲಸ, ಮೂರು ತಿಂಗಳು ಕಲಿತದ್ದು ಯಂತ್ರಕ್ಕೆ ಉಣಿಸುವ ಕೆಲಸ. ಇವೆರಡರ ನಡುವೆ ಮನುಷ್ಯರ ಕೆಲಸ ಯಾವುದು ಎಂದು ಕೇಳಿದೆ.

ತಮ್ಮನ ಮಗಳು ಒಂದು ಉದಾಹರಣೆ ಕೊಟ್ಟಳು. ಅಂಗಡಿಗೆ ಫ್ರಿಜ್ ತಂದರು. ಖರ್ಚು ಎಂದು ಎಫ್ 5ರಲ್ಲಿ ಹೊಡೆದರೂ ಟ್ಯಾಲಿ ತೆಗೆದುಕೊಳ್ಳುತ್ತದೆ, ಆಸ್ತಿ ಎಂದು ಹೊಡೆದರೂ ತೆಗೆದುಕೊಳ್ಳುತ್ತದೆ. ಎರಡೂ ಕಡೆ ಕೂಡುತ್ತದೆ, ಯಂತ್ರಕ್ಕೆ ತಕರಾರಿಲ್ಲ. ಆದರೆ ಆ ವರ್ಷದ ಲಾಭವೇ ಬೇರೆ ಆಗಿಬಿಡುತ್ತದೆ. ಪೂರ್ತಿ ಬರೆಯಲು ಮರೆತ ಮಾರಾಟವಂತೂ ತಾಳೆಪಟ್ಟಿಯಲ್ಲಿ ಎಂದಿಗೂ ಸಿಕ್ಕಿಬೀಳುವುದಿಲ್ಲ. ತಾಳೆಯಾದ ಲೆಕ್ಕದಲ್ಲೂ ತಪ್ಪು ಇರಬಹುದು ಎನ್ನುವುದು ಪಿಯುಸಿ ಮೊದಲ ವರ್ಷದ ಪಾಠ. ಪೇಟೆಯ ಬೋರ್ಡುಗಳ ಮೇಲೆ ಆ ಪಾಠದ ಹೆಸರಿಲ್ಲ.

*

ಹಾವೇರಿಯ ತರಕಾರಿ ಅಂಗಡಿ. ಇದನ್ನು ಸ್ವಲ್ಪ ಉದ್ದಕ್ಕೆ ಬರೆದುಕೊಳ್ಳಬೇಕು.

2025ರ ಜುಲೈ. ಹಾವೇರಿಯಲ್ಲಿ ತರಕಾರಿ ಮಾರುವ ಸಣ್ಣ ವ್ಯಾಪಾರಿಯೊಬ್ಬರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂತು. ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ 1.63 ಕೋಟಿ ರೂಪಾಯಿ ಬಂದಿದೆ, 29 ಲಕ್ಷ ರೂಪಾಯಿ ಜಿಎಸ್‌ಟಿ ಕಟ್ಟಿ ಎಂದು. ಪತ್ರಿಕೆ, ಟಿ.ವಿ., ಎಲ್ಲ ಕಡೆ ಅದೇ ಸುದ್ದಿ. ಬಂಕಾಪುರದ ಚಹಾದಂಗಡಿಯಲ್ಲಿ ಎರಡು ಪಕ್ಷ. ಕೋಟಿ ದಾಟಿದವ ಬಡವ ಹೇಗೆ ಎನ್ನುವುದು ಒಂದು. ತರಕಾರಿ ಮಾರುವವನ ಹತ್ತಿರ ಕೋಟಿ ಎಲ್ಲಿಂದ ಬರಬೇಕು, ಮಷೀನು ಕೆಟ್ಟಿರಬೇಕು ಎನ್ನುವುದು ಇನ್ನೊಂದು. ಎರಡೂ ಪಕ್ಷದವರು ದೊಡ್ಡ ದನಿಯಲ್ಲೇ ವಾದಿಸಿದರು.

ರಾತ್ರಿ ಊಟ ಆದ ಮೇಲೆ ತಮ್ಮನ ಮಗಳು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿದಳು. 163 ಲಕ್ಷವನ್ನು ನಾಲ್ಕರಿಂದ ಭಾಗಿಸು: ವರ್ಷಕ್ಕೆ 40 ಲಕ್ಷದ ಮೇಲೆ ಒಂಚೂರು. ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದ ಗಡಿಯೂ 40 ಲಕ್ಷವೇ, ಸೇವೆ ಮಾರುವವರಿಗೆ 20. ಇನ್ನು 163 ಲಕ್ಷಕ್ಕೆ ಶೇ 18 ಹಾಕು: 29 ಲಕ್ಷದ ಮೇಲೆ ಚಿಲ್ಲರೆ. ನೋಟಿಸಿನ ಅಂಕಿ ಹೆಚ್ಚುಕಡಿಮೆ ಅದೇ. ಬಂದ ಹಣ ಪೂರ್ತಿ ಶೇ 18ರ ಮಾಲಿನದು ಎಂದು ಹಿಡಿದರೆ ಬರುವ ಅಂಕಿ ಅದು.

“ಆದ್ರ ತಾಜಾ ತರಕಾರಿಗೆ ಜಿಎಸ್‌ಟೀನ ಇಲ್ಲ ದೊಡ್ಡಪ್ಪಾ. ತೆರಿಗಿ ಇಲ್ಲದ್ದನ್ನಷ್ಟ ಮಾರಾವ ನೋಂದಣಿನೂ ಮಾಡಸಬೇಕಿಲ್ಲ.”

ಆಮೇಲೆ ಇನ್ನೊಂದು ಲೆಕ್ಕ. ವರ್ಷಕ್ಕೆ 40 ಲಕ್ಷ ಬಂದದ್ದು ಆದಾಯವಲ್ಲ, ವಹಿವಾಟು. ರೈತನಿಂದ ಕೊಂಡದ್ದು, ಕೊಳೆತು ಚೆಲ್ಲಿದ್ದು, ಬಾಡಿಗೆ, ಚೀಲ ಕಳೆದು ನೂರಕ್ಕೆ ಐದೋ ಎಂಟೋ ಉಳಿದರೆ ಹೆಚ್ಚು ಎಂದು ಅವಳ ಅಂದಾಜು. ತಿಂಗಳಿಗೆ ಒಬ್ಬ ಮಾಸ್ತರನ ಸಂಬಳವೂ ಆಗಲಿಕ್ಕಿಲ್ಲ. ಚಹಾದಂಗಡಿಯ ಎರಡೂ ಪಕ್ಷದವರು ವಹಿವಾಟು, ಆದಾಯ, ಲಾಭ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಜಗಳಾಡಿದ್ದರು. ನಾನೂ ಅಲ್ಲಿ ಕುಳಿತು ತಲೆ ಆಡಿಸುತ್ತಿದ್ದೆ.

ರಾಜ್ಯದ ತುಂಬ ಇಂಥ ನೋಟಿಸುಗಳು ಹೋಗಿದ್ದವು. ವ್ಯಾಪಾರಿಗಳು ಬಂದ್ ಮಾಡುವ ಮಾತಾಡಿದರು. ಹಾಲು ತರಕಾರಿಯಂಥ ತೆರಿಗೆ ಇಲ್ಲದ ವಸ್ತು ಮಾರಿದವರ ಮೇಲಿನ ನೋಟಿಸು ಮುಂದುವರಿಸುವುದಿಲ್ಲ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. ಅಷ್ಟರಲ್ಲಿ ನಮ್ಮ ಪೇಟೆಯಲ್ಲೂ ಕೆಲವರು ಗೋಡೆಯ ಕ್ಯೂಆರ್ ಕೋಡನ್ನು ಮಗ್ಗುಲಾಗಿಸಿ ‘ರೊಕ್ಕ ಅಷ್ಟ’ ಎಂದು ಬರೆದು ಹಚ್ಚಿದ್ದರು. ಉಂಡಿ, ಖಾರ ಮಾರುವವರೂ ಹಚ್ಚಿದರು, ಹೂ ಮಾರುವಾಕೆಯೂ ಹಚ್ಚಿದಳು. ತಾನು ಯಾವ ಗಡಿಯ ಒಳಗೆ ಇದ್ದೇನೆ, ಯಾವುದರ ಹೊರಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರುವವರು ಅದೇ ರಸ್ತೆಯಲ್ಲಿ ನೋಟ್‌ಬುಕ್ಕು ಹಿಡಿದು ದಿನಾ ಹೋಗಿಬರುತ್ತಿದ್ದರು.

ನನಗೆ ಬಿಡಿಸಲಾಗದ ಗಂಟು ಇದೇ. ಪೇಟೆಯಲ್ಲಿ ಲೆಕ್ಕದ ಬುದ್ಧಿವಂತಿಕೆಗೆ ಬರಗಾಲ. ಬಸ್ ಸ್ಟ್ಯಾಂಡಿನ ತುಂಬ ಲೆಕ್ಕ ಓದಿದವರು. ಆದರೂ ಪೇಟೆ ಇವರನ್ನು ಕರೆಯುವುದು ಎಫ್ 8 ಒತ್ತಲಿಕ್ಕೆ ಮಾತ್ರ. ಆ ಹೂವಿನಾಕೆಗೆ, ಉಂಡಿ ಅಂಗಡಿಯವನಿಗೆ ಬೇಕಾಗಿದ್ದದ್ದು ಬಿಲ್ ಹೊಡೆಯುವವರಲ್ಲ, ಹತ್ತು ನಿಮಿಷ ಕುಳಿತು “ನಿಮಗೇನೂ ಆಗೂದಿಲ್ಲ, ಇಷ್ಟನ್ನ ಬರದಿಟಗೊಂಡ ಹೋಗ್ರಿ” ಎನ್ನುವವರು. ಹತ್ತು ನಿಮಿಷದ ಮಾತಿಗೆ ರೊಕ್ಕ ಕೊಡುವ ರೂಢಿ ನಮ್ಮಲ್ಲಿಲ್ಲ ಎನ್ನುವುದು ಕಾರಣವೇ? ಇಪ್ಪತ್ತೊಂದು ವರ್ಷದ ಹುಡುಗಿ ಹೇಳಿದ್ದನ್ನು ಸಾವುಕಾರ ಕೇಳುವುದಿಲ್ಲ ಎನ್ನುವುದೇ? ಬಿ.ಕಾಂ. ಪದವೀಧರರು ಜಿಎಸ್‌ಟಿ ಪ್ರಾಕ್ಟಿಷನರ್ ಎಂದು ನೋಂದಾಯಿಸಿಕೊಂಡು, ಪರೀಕ್ಷೆ ಪಾಸಾಗಿ, ಮಂದಿಯ ರಿಟರ್ನ್ಸ್ ತುಂಬಬಹುದು. ದಾರಿ ಇದೆ. ಆ ದಾರಿಯಲ್ಲಿ ಹೋದವರು ನನಗೆ ಬಂಕಾಪುರದಲ್ಲಿ ಸಿಕ್ಕಿಲ್ಲ.

*

ಓದು ಮುಗಿದವರು ಎಲ್ಲಿದ್ದಾರೆ ಎಂದು ವಿಚಾರಿಸುತ್ತ ಹೋದೆ.

ಒಬ್ಬ ಹೆದ್ದಾರಿಯ ಟೋಲ್ ನಾಕಾದಲ್ಲಿದ್ದಾನೆ. ಫಾಸ್ಟ್ಯಾಗ್ 2021ರ ಫೆಬ್ರುವರಿಯಲ್ಲಿ ಕಡ್ಡಾಯವಾಯಿತು. ಚಿಲ್ಲರೆ ಎಣಿಸುವ ಕೆಲಸ ಹೋಗಿ ಈಗ ಓದದ ಟ್ಯಾಗಿನ ಲಾರಿಯವರೊಂದಿಗೆ ವಾದಿಸುವ ಕೆಲಸ ಉಳಿದಿದೆಯಂತೆ.

ಇನ್ನೊಬ್ಬ ಮೈಕ್ರೋ ಫೈನಾನ್ಸ್ ಒಂದರಲ್ಲಿ ಫೀಲ್ಡ್ ಆಫೀಸರು. ಬೆಳಿಗ್ಗೆ ಬೈಕು ಹತ್ತಿ ಹಳ್ಳಿಗೆ ಹೋಗಿ ಹೆಣ್ಣುಮಕ್ಕಳ ಸಂಘದ ಮುಂದೆ ಕುಳಿತು ಕಂತು ವಸೂಲಿ. ತರಗತಿಯಲ್ಲಿ ಸಾಲದ ಇಎಂಐ ಲೆಕ್ಕ ಎಲ್ಲರಿಗಿಂತ ಮೊದಲು ಬಿಡಿಸುತ್ತಿದ್ದನಂತೆ. ಬಡ್ಡಿ ಉಳಿದ ಅಸಲಿನ ಮೇಲೋ ಮೊದಲಿನ ಅಸಲಿನ ಮೇಲೋ ಎಂಬುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆಂದು ಅವನಿಗೆ ಗೊತ್ತು. ಎದುರಿಗೆ ಕುಳಿತವರಿಗೆ ಗೊತ್ತಿಲ್ಲ. ಗೊತ್ತಿದ್ದವನು ಹೇಳುವ ಹಾಗಿಲ್ಲ. ಕಿರುಕುಳ ತಾಳದೆ ಮಂದಿ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅಂದಿನಿಂದ ಈ ಹುಡುಗನ ಎರಡೂ ಕಡೆ ಹೆದರಿಕೆ: ವಸೂಲಿ ಮಾಡಿದರೆ ಪೊಲೀಸರು, ಮಾಡದಿದ್ದರೆ ಮ್ಯಾನೇಜರು. ಅವನ ತಾಯಿಯೂ ಬೇರೊಂದು ಸಂಘದಲ್ಲಿ ಸಾಲ ತೆಗೆದಿದ್ದಾಳೆ ಎಂದು ಆಮೇಲೆ ತಿಳಿಯಿತು.

ಮೂರನೆಯವಳು ಹತ್ತಿರದ ಹಳ್ಳಿಯಲ್ಲಿ ಪಂಚಾಯತಿ ಮಟ್ಟದ ಸಂಜೀವಿನಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರ್ತಿ. ಸಂಬಳ ಅಲ್ಲ, ಗೌರವಧನ. ಒಕ್ಕೂಟದ ಅಷ್ಟೂ ಸಂಘಗಳ ಉಳಿತಾಯ, ಸಾಲ, ಮರುಪಾವತಿ ಅವಳ ಕೈಬರಹದಲ್ಲಿ. ನಾನು ಕೇಳಿದವರಲ್ಲಿ ಓದಿದ್ದನ್ನು ಓದಿದ ಹಾಗೆಯೇ ಬಳಸುತ್ತಿರುವವಳು ಇವಳೊಬ್ಬಳೇ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದಾಗ ಬೇಕಾಗಿದ್ದದ್ದೂ ಇಂಥ ಒಂದು ಕೈ.

ಮನೆಯಲ್ಲಿ ಕುಳಿತವರೂ ಇದ್ದಾರೆ. ಪದವಿ ಮುಗಿದು 180 ದಿನ ಕೆಲಸ ಸಿಗದಿದ್ದರೆ ಸರ್ಕಾರದ ಯುವನಿಧಿಯಿಂದ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ. ಒಬ್ಬಳು ಲೆಕ್ಕ ಒಪ್ಪಿಸಿದಳು: ಹಾವೇರಿಯ ಅಂಗಡಿಯಲ್ಲಿ ಏಳು ಸಾವಿರ ಕೊಡುತ್ತೇನೆಂದರು, ಹೋದರೆ ಯುವನಿಧಿ ನಿಲ್ಲುತ್ತದೆ, ಮಧ್ಯಾಹ್ನದ ಚಹಾ ತಿಂಡಿ, ನಾಲ್ಕು ಜೊತೆ ಅರಿವೆ, ಫೋನು, ಕೈಗೆ ಹೆಚ್ಚಾಗುವುದು ಎರಡೂವರೆ ಸಾವಿರ, ಅದಕ್ಕೆ ದಿನಕ್ಕೆ ಹತ್ತು ತಾಸು. ಆಯ್ದದ್ದರ ಬೆಲೆ, ಬಿಟ್ಟದ್ದರ ಬೆಲೆ ಎರಡನ್ನೂ ತೂಗುವುದನ್ನು ಅವಳಿಗೆ ಕಾಲೇಜು ಚೆನ್ನಾಗಿಯೇ ಕಲಿಸಿದೆ.

*

ಪಠ್ಯ ಎನ್ನುವುದೂ ಒಂದು ಕಡೆ ನಿಲ್ಲುವುದಿಲ್ಲ. ತಮ್ಮನ ಮಗಳು ಬಿ.ಕಾಂ. ಸೇರುವಾಗ ಬೇಕಾದರೆ ನಾಲ್ಕು ವರ್ಷ ಓದಬಹುದು ಎಂದಿದ್ದರು. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೇ ಮರಳಿತು. ಅವಳ ಅಕ್ಕನ ಅಂಕಪಟ್ಟಿಯ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಇವಳದರ ಮೇಲೆ 2023ರಲ್ಲಿ ಹುಟ್ಟಿದ ಹಾವೇರಿ ವಿಶ್ವವಿದ್ಯಾಲಯ. ಅದನ್ನು ಮುಚ್ಚುವ ಮಾತು 2025ರಲ್ಲಿ ಎದ್ದು ಊರೂರಿನಲ್ಲಿ ಚರ್ಚೆಯಾಯಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 12 ಮತ್ತು 28ರ ಹಂತಗಳು ಹೋಗಿ ಮುಖ್ಯವಾಗಿ 5 ಮತ್ತು 18 ಉಳಿದವು, ನೋಟ್ಸಿನ ಲೆಕ್ಕಗಳೆಲ್ಲ ಹಳತಾದವು. ಆದಾಯ ತೆರಿಗೆಯ 1961ರ ಕಾಯ್ದೆಯ ಬದಲು 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ. ಮಕ್ಕಳ ತಲೆ ತಿನ್ನುತ್ತಿದ್ದ ಹಿಂದಿನ ವರ್ಷ, ನಿರ್ಧರಣ ವರ್ಷ ಎಂಬ ಜೋಡಿ ಹೋಗಿ ಒಂದೇ ತೆರಿಗೆ ವರ್ಷ. ಅಕ್ಕನ ಪುಸ್ತಕ ತಂಗಿಗೆ ಬರಲಿಲ್ಲ. ಕನ್ನಡ ಮಾಸ್ತರಿಕೆಯಲ್ಲಿ ನನಗೆ ಈ ತಾಪತ್ರಯ ಇರಲಿಲ್ಲ, ಪಂಪನಿಗೆ ಯಾರೂ ತಿದ್ದುಪಡಿ ತರುವುದಿಲ್ಲ.

*

ಕೋಟೆಯ ಕಡೆಗೆ ನಡೆದು ಹೋದಾಗ ನಗರೇಶ್ವರ ಗುಡಿಯ ಕಂಬಗಳ ನಡುವೆ ಇಬ್ಬರು ಹುಡುಗರು ಕಾಸ್ಟ್ ಅಕೌಂಟಿಂಗ್ ಓದುತ್ತಿದ್ದರು. ಪಕ್ಕದ ಪೊದೆಯಲ್ಲಿ ನವಿಲು ಕೂಗಿತು, ತಲೆ ಎತ್ತಲಿಲ್ಲ. ಈ ಊರಿಗೆ ಹೆಸರು ಕೊಟ್ಟ ಬಂಕೆಯ ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ. ಅದೇ ಅಮೋಘವರ್ಷನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಮಿಶ್ರಕ ವ್ಯವಹಾರ ಎಂಬ ಅಧ್ಯಾಯದಲ್ಲಿ ಬಡ್ಡಿ, ಪಾಲುಗಾರರ ಹಂಚಿಕೆಯ ಲೆಕ್ಕಗಳಿವೆ. ಹುಡುಗರಿಗೆ ಹೇಳಿದೆ. “ಪರೀಕ್ಷಾಕ್ಕ ಬರತೈತೇನ್ರಿ ಸರ್?” ಎಂದು ಒಬ್ಬ ಕೇಳಿದ. ಬರುವುದಿಲ್ಲ ಎಂದೆ. ಆದರೂ ಇನ್ನೊಬ್ಬ ಹೆಸರು ಬರೆದುಕೊಂಡ.

*

ಸಿ.ಎ. ಆಗು ಎಂದು ತಮ್ಮನ ಮಗಳಿಗೆ ನಾನೇ ಹೇಳಿದ್ದೆ. ಬಿ.ಕಾಂ.ನಲ್ಲಿ ಶೇ 55 ಇದ್ದರೆ ಮೊದಲ ಪರೀಕ್ಷೆ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಆರ್ಟಿಕಲ್‌ಶಿಪ್ಪೂ 2023ರ ಹೊಸ ಪದ್ಧತಿಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ತಮ್ಮ ಕೇಳಿದ್ದು ಒಂದೇ: ಆಗುತನಕ ಮದುವೆ ಮಾತು ಎತ್ತಬಾರದೋ ಹೇಗೆ? ಅವನ ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು. ಮಾತು ಬೇರೆ ಕಡೆ ಹೋಯಿತು.

*

ಕಳೆದ ವಾರ ಪಕ್ಕದೂರಿನ ಒಬ್ಬ ತೆರಿಗೆ ಸಲಹೆಗಾರರು ಇವಳನ್ನು ಕರೆಸಿದ್ದರು. ಕೆಲಸ ಚೆನ್ನಾಗಿ ಕಲಿಯಬಹುದು, ಮಾರ್ಚಿನ ಗದ್ದಲಕ್ಕೆ ಕೈ ಬೇಕು, ಮೊದಲ ಆರು ತಿಂಗಳು ಸಂಬಳ ಇಲ್ಲ ಎಂದರಂತೆ. ಮನೆಗೆ ಬಂದವಳು ಪಿಯುಸಿಯ ಹಳೆಯ ಪುಸ್ತಕ ತೆಗೆದು ನನಗೆ ಒಂದು ಪುಟ ತೋರಿಸಿದಳು. ಹಣದಲ್ಲಿ ಅಳೆಯಲು ಬಾರದ್ದನ್ನು ಲೆಕ್ಕಪುಸ್ತಕದಲ್ಲಿ ಬರೆಯುವುದಿಲ್ಲ ಎಂಬ ನಿಯಮ ಅಲ್ಲಿತ್ತು.

“ನಾ ಆರ ತಿಂಗಳ ಪುಕ್ಕಟ ದುಡದ್ರ ಅವರ ಪುಸ್ತಕದಾಗ ನಾ ಎಲ್ಲೆ ಕಾಣಸ್ತೀನಿ ದೊಡ್ಡಪ್ಪಾ?”

“ಎಲ್ಲೂ ಇಲ್ಲ.”

“ನಮ್ಮವ್ವ ಇಪ್ಪತ್ತೈದ ವರ್ಷ ದುಡದಾಳ. ಆಕಿನೂ ಎಲ್ಲೂ ಇಲ್ಲ.”

ತಮ್ಮ ಒಳಗಿನಿಂದ, ಕಲಿಯಾಕ ಅಂತ ಹೋಗು, ರೊಕ್ಕ ಆಮ್ಯಾಲ ನೋಡೂಣು ಎಂದ. ಅವನ ಹೆಂಡತಿ ಏನೂ ಹೇಳಲಿಲ್ಲ. ಮರುದಿನ ಇವಳು ಫೋನು ಮಾಡಿ ತಿಂಗಳಿಗೆ ಐದು ಸಾವಿರ ಕೇಳಿದಳು, ವೋಚರ್ ಬರೆದೇ ಕೊಡಬೇಕು ಎಂದೂ ಸೇರಿಸಿದಳು. ಅವರು ಎರಡು ಸಾವಿರಕ್ಕೆ ಬಂದಿದ್ದಾರೆ. ಇವಳು ನಾಲ್ಕಕ್ಕೆ ಇಳಿದಿದ್ದಾಳೆ. ಚೌಕಾಸಿ ನಡೆದಿದೆ.